ದಾವಣಗೆರೆ ಹಳೇ ವೀಲ್‌ಚೇರ್ ಅಂಗಡಿ, ಹೊಳೆ ದಂಡೆ ಮೇಲೆ ಇರೋರು ಮಳೆಗಾಲಕ್ಕೆ ಮುಂಚೆ ಒಂದ್ಸಲ ಹೋಗ್ಬನ್ನಿ

ದಾವಣಗೆರೆ ಹಳೇ ಊರ ಕಡೆ ಸೈಕಲ್ ಶಾಪ್‌ಗಳ ಸಾಲಲ್ಲಿ ಒಂದು ಪುಟ್ಟ ಅಂಗಡಿ ಐತೆ, ಹಳೇ ವೀಲ್‌ಚೇರ್, ವಾಕರ್, ಕ್ರಚಸ್, ಏರ್ ಬೆಡ್ ಎಲ್ಲಾ ತಗೊಂಡು ರಿಪೇರಿ ಮಾಡಿ ಹೊಸದರ ಅರ್ಧಕ್ಕಿಂತ ಕಮ್ಮಿ ರೇಟಿಗೆ ಮಾರ್ತಾರೆ, ತಿಂಗಳ ಬಾಡಿಗೆಗೂ ಕೊಡ್ತಾರೆ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂತ ಆಮೇಲೆ ಹೇಳ್ತೀನಿ.

ನಮ್ಮನೆ ಹರಿಹರ, ಗಂಗಾನಗರದ ಹತ್ರಾನೇ. ಗಾಜನೂರಿನ ತುಂಗಾ ಡ್ಯಾಮಿಂದ, ಭದ್ರಾ ಡ್ಯಾಮಿಂದ ನೀರು ಬಿಟ್ರು ಅಂತ ಸುದ್ದಿ ಬಂದ್ರೆ ನಮ್ಮ ಕಡೆ ರಾತ್ರಿ ಯಾರೂ ಸರಿಯಾಗಿ ಮಲಗಲ್ಲ. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ತುಂಬಿ ಬಂದಾಗ ನಮ್ಮವ್ವನ್ನ ಓಣಿ ಹುಡುಗ್ರು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸ್ಕೊಂಡು ಎತ್ಕೊಂಡು ಬಂದ್ರು, ಅವ್ರ ಋಣ ದೊಡ್ಡದು, ಆದ್ರೆ ವೀಲ್‌ಚೇರ್ ಮನೇಲೇ ಉಳೀತು. ಗಂಜಿ ಕೇಂದ್ರದಲ್ಲಿ ಊಟ, ಹಾಸಿಗೆ ಎಲ್ಲಾ ಇತ್ತು, ಆದ್ರೆ ಕುರ್ಚಿ ಇಲ್ದೇ ಅವ್ವ ಚಾಪೆ ಬಿಟ್ಟು ಅಲ್ಲಾಡೋ ಹಂಗಿರ್ಲಿಲ್ಲ. ಬಾತ್‌ರೂಮಿಗೆ ಹೋಗ್ಬೇಕಾದ್ರೆ ಪ್ರತಿ ಸಲ ಇಬ್ರು ಬೇಕು. ಯಾರನ್ನ ಕರೀಲಿ ಅಂತ ನೀರು ಕುಡಿಯೋದೇ ಬಿಟ್ಟಿದ್ಲು. ಮನೇಲಿ ತನ್ನ ಕೆಲಸ ತಾನೇ ಮಾಡ್ಕೋತಿದ್ದ ಹೆಂಗಸು, ಕುರ್ಚಿ ಒಂದು ಹಿಂದೆ ಉಳಿದಿದ್ದಕ್ಕೆ ಆ ಸ್ಥಿತಿಗೆ ಬಂದ್ಲು, ಅದು ನಂಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನೀರು ಇಳಿದ ಮೇಲೆ ನೋಡಿದ್ರೆ ಚಕ್ರ ತಿರುಗ್ತಿಲ್ಲ, ಸೀಟಲ್ಲಿ ಕೆಸರು, ಕಬ್ಬಿಣದ ವಾಸನೆ. ಗುಜರಿಗೆ ಹಾಕೋಣ ಅಂತಿದ್ವಿ, ಪಕ್ಕದ ಮನೆ ಮಾಸ್ತರ್ರು ಈ ಅಂಗಡಿ ಹೇಳಿದ್ರು. ಅಂಗಡಿ ಅಣ್ಣ ಕುರ್ಚಿ ತಲೆಕೆಳಗೆ ಮಾಡಿ ಎಲ್ಲಾ ಬಿಚ್ಚಿ ತೋರಿಸಿದ್ರು. ಫ್ರೇಮ್ ಗಟ್ಟಿ ಐತೆ, ಚಕ್ರ ತಿರುಗದೇ ಇರೋದು ಬೇರಿಂಗ್ ಕೆಟ್ಟಿರೋದಕ್ಕೆ, ಹೊಳೆ ನೀರಲ್ಲಿ ಮಣ್ಣು ಜಾಸ್ತಿ, ಅದು ಒಳಗೆ ಸೇರಿ ಗ್ರೀಸ್ ತೊಳ್ಕೊಂಡು ಹೋಗುತ್ತೆ, ತುಕ್ಕು ಹಿಡಿದು ಜಾಮ್ ಆಗುತ್ತೆ, ಅಂದ್ರು. ನಾಲ್ಕೂ ಚಕ್ರದ ಬೇರಿಂಗ್, ಮುಂದಿನ ಸಣ್ಣ ಚಕ್ರ, ಸೀಟಿನ ರೆಕ್ಸಿನ್, ಬ್ರೇಕ್ ಎಲ್ಲಾ ಬದಲಾಯಿಸಿದ್ರು. ಹಿಂದಿನ 24 ಇಂಚಿನ ಚಕ್ರಕ್ಕೆ ಸೈಕಲ್ ಅಂಗಡಿ ಟಯರ್ ಟ್ಯೂಬೇ ಆಗುತ್ತಂತೆ, ಅಳತೆ ಮಾತ್ರ ಟಯರ್ ಮೇಲೆ ಬರೆದಿರೋದನ್ನೇ ನೋಡಿ ತಗೋಬೇಕು.

ಆಮೇಲೆ ಅಲ್ಲೇ ಇನ್ನೊಂದು ಸೆಕೆಂಡ್ ಹ್ಯಾಂಡ್ ಕುರ್ಚೀನೂ ತಗೊಂಡ್ವಿ. ಸುಮ್ನೆ ಕೊಡ್ಲಿಲ್ಲ, ಅವ್ವನ್ನ ಕರ್ಕೊಂಡೇ ಬನ್ನಿ ಅಂದ್ರು. ಕೂರಿಸಿ ಸೊಂಟದ ಎರಡೂ ಪಕ್ಕ ಅಂಗೈ ತೂರೋವಷ್ಟು ಜಾಗ ಐತಾ, ಪಾದ ಫುಟ್‌ರೆಸ್ಟ್ ಮೇಲೆ ಪೂರ್ತಿ ಊರ್ತಾವಾ ಅಂತ ನೋಡಿದ್ರು. "ಅಮ್ಮಾ, ಮಂಡಿ ಹಿಂದೆ ಒತ್ತುತ್ತಾ ಹೇಳ್ರಿ" ಅಂತ ಕೇಳ್ಕೊಂಡು ಕೇಳ್ಕೊಂಡು ಅಡ್ಜಸ್ಟ್ ಮಾಡಿದ್ರು. ಈಗ ಹೊಸದಾಗಿ ತಗೊಂಡಿದ್ದು ಮನೇಲಿ, ರಿಪೇರಿ ಆಗಿರೋದು ದಾವಣಗೆರೇಲಿ ನಮ್ಮಕ್ಕನ ಮನೇಲಿ ಮಡಚಿ ಇಟ್ಟೀವಿ, ಅಲ್ಲಿಗೆ ಹೊಳೆ ನೀರು ಬರಲ್ಲ. ನೀರು ಬಂದ್ರೆ ಅವ್ವ ಮೊದ್ಲು ಹೊರಡ್ತಾಳೆ, ಕುರ್ಚಿ ಅಲ್ಲಿ ಕಾಯ್ತಿರುತ್ತೆ. ಹೊಸದು ಎರಡು ತಗೋಳ್ಳೋ ತಾಕತ್ತು ನಮಗೆ ಇಲ್ಲ, ಈ ಅಂಗಡಿ ಇದ್ದಿದ್ದಕ್ಕೆ ಆಯ್ತು.

ಇಷ್ಟೊಂದು ಹಳೇ ಕುರ್ಚಿ ಎಲ್ಲಿಂದ ಬರ್ತಾವೆ ಅಂತ ಕೇಳ್ದೆ. ಅಂಗವಿಕಲರಿಗೆ ಸಾಧನ ಕೊಡೋ ಸರ್ಕಾರದ ಎಡಿಐಪಿ ಸ್ಕೀಮ್ 1981ರಿಂದ ಐತೆ, ಕ್ಯಾಂಪಲ್ಲಿ ಕಾನ್ಪುರದ ಅಲಿಂಕೋ ಕಂಪನಿ ಕುರ್ಚಿ, ಟ್ರೈಸಿಕಲ್ ಕೊಡ್ತಾರಲ್ಲ, ಮಕ್ಕಳು ಬೆಳೆದ್ರೆ ಅದು ಚಿಕ್ಕದಾಗುತ್ತೆ, ವಯಸ್ಸಾದವ್ರು ತೀರ್ಕೊಂಡ್ರೆ ಅಟ್ಟ ಸೇರುತ್ತೆ. ಅಂಥವನ್ನ ಮನೆಯವ್ರು ತಂದು ಕೊಡ್ತಾರಂತೆ, ಎಷ್ಟೋ ಜನ ದುಡ್ಡೂ ಮುಟ್ಟಲ್ವಂತೆ. ಹಂಗೆ ಬಂದಿರೋದನ್ನ ಮಾರಲ್ಲ, ಮಳೆಗಾಲದಲ್ಲಿ ಕಾಳಜಿ ಕೇಂದ್ರದಿಂದ ಯಾರಾದ್ರೂ ಕೇಳಿದ್ರೆ ಪುಕ್ಕಟೆ ಕಳಿಸ್ತೀನಿ ಅಂತ ಹಿಂದಿನ ರೂಮಲ್ಲಿ ಒಂದಿಷ್ಟು ಬೇರೆ ಇಟ್ಟವ್ರೆ, ನಾನೇ ನೋಡ್ದೆ, ಎಲ್ಲಾ ಗಾಳಿ ತುಂಬಿ ರೆಡಿ ಇದ್ವು. ಹೊನ್ನಾಳಿ ಬಾಲರಾಜ್ ಘಾಟ್ ಕಡೆಯವ್ರೂ ಇವ್ರ ನಂಬರ್ ಬರ್ಕೊಳ್ಳೋದು ಒಳ್ಳೇದು.

ದೊಡ್ಡಪ್ಪನ ಕಿವಿ ಮಷೀನ್ ಬಗ್ಗೆ ಕೇಳಿದ್ದಕ್ಕೆ ಅದು ನನ್ನ ಕೆಲಸ ಅಲ್ಲ, ಆಡಿಯಾಲಜಿಸ್ಟ್ ಹತ್ರಾನೇ ಹೋಗಿ ಅಂತ ನೇರವಾಗಿ ಅಂದ್ರು, ಅದು ಇಷ್ಟ ಆಯ್ತು. ಒಂದು ವಿಷಯ ಮಾತ್ರ ಹೇಳಿದ್ರು, ಸಣ್ಣ ಬ್ಯಾಟರಿ ಮೇಲಿನ ಸ್ಟಿಕ್ಕರ್ ಕಿತ್ತ ತಕ್ಷಣ ಗಾಳಿ ಸೇರಿ ಖರ್ಚಾಗೋಕೆ ಶುರು, ಅದಕ್ಕೆ ಸ್ಟಿಕ್ಕರ್ ಕೀಳದೇ ಇರೋ ಪ್ಯಾಕೆಟ್ ಒಂದನ್ನ ಆಧಾರ್, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್, ಮಾತ್ರೆ ಜೊತೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡಿ ಅಂತ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 8ನೇ ಸೆಕ್ಷನ್ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೇಲಿರೋ ಅಂಗವಿಕಲರ ವಿವರ ಇಟ್ಕೊಂಡು, ಅಪಾಯ ಬರೋ ಹಂಗಿದ್ರೆ ಅವ್ರಿಗೆ ಮೊದ್ಲೇ ತಿಳಿಸೋ ವ್ಯವಸ್ಥೆ ಮಾಡ್ಬೇಕು. ಇದು ನಂಗೆ ಗೊತ್ತೇ ಇರ್ಲಿಲ್ಲ, ಅಂಗಡೀಲಿ ಕಾಯ್ತಾ ಕೂತಿದ್ದ ಒಬ್ರು ಹೇಳಿದ್ರು, ಅವ್ರೂ ಕ್ರಚಸ್ ತಳದ ರಬ್ಬರ್ ಬುಷ್ ಬದಲಾಯಿಸೋಕೆ ಬಂದಿದ್ರು. ಪಂಚಾಯ್ತಿಗೊಬ್ರು ಅಂಗವಿಕಲರ ಕೆಲಸ ನೋಡ್ಕೊಳ್ಳೋ ವಿಆರ್‌ಡಬ್ಲ್ಯೂ ಇರ್ತಾರಲ್ಲ, ಅವ್ರ ಹತ್ರ ಹೆಸರು, ಯಾವ ಸಾಧನ ಬಳಸ್ತೀರಿ, ಎತ್ಕೊಂಡು ಹೋಗೋಕೆ ಎಷ್ಟು ಜನ ಬೇಕು ಎಲ್ಲಾ ಬರೆಸಿ.

ಇನ್ನು ಕೊರತೆ. ಅಂಗಡಿ ಮುಂದೆ ಎರಡು ಮೆಟ್ಟಿಲು, ರ‍್ಯಾಂಪ್ ಇಲ್ಲ, ಅವ್ವನ್ನ ರೋಡಲ್ಲೇ ನಿಲ್ಲಿಸಿ ಅಳತೆ ತಗೋಬೇಕಾಯ್ತು, ಗಾಡಿಗಳು ಮೈ ಮೇಲೇ ಬರ್ತಾವೆ. ಒಂದು ಹಲಗೆನಾದ್ರೂ ಹಾಕಿಸಿ ಅಣ್ಣಾ ಅಂತ ಹೇಳಿ ಬಂದೀನಿ. ಹಳೇ ಫೋಮ್ ಕುಶನ್ ಕೂಡ ಇಟ್ಟವ್ರೆ, ಅದನ್ನ ಮಾತ್ರ ತಗೋಬೇಡಿ, ಕೂತು ಕೂತು ಚಪ್ಪಟೆ ಆಗಿರುತ್ತೆ, ಹುಣ್ಣಾಗುತ್ತೆ, ಹೊಸದೇ ತಗೊಳ್ಳಿ. ಮಕ್ಕಳ ಸೈಜ್ ಕಮ್ಮಿ. ಕುತ್ತಿಗೆ ನಿಲ್ಲದ ಮಕ್ಕಳಿಗೆ ಇಲ್ಲಿ ನೋಡ್ಲೇಬೇಡಿ, ದಾವಣಗೆರೇಲೇ ಅಂಗವಿಕಲರಿಗೆ ಅಂತಾನೇ ಇರೋ ಸರ್ಕಾರಿ ಕೇಂದ್ರ ಸಿಆರ್‌ಸಿ ಐತೆ, ಅಲ್ಲಿ ಥೆರಪಿಸ್ಟ್ ನೋಡಿ ಹೇಳಿದ ಮೇಲೆ ತಗೊಳ್ಳಿ.

ಬಿಲ್ ಕೇಳಿ ಬರೆಸ್ಕೊಳ್ಳಿ, ಕೇಳಿದ್ರೆ ಕೊಡ್ತಾರೆ. ಜೂನ್ ಆದ್ಮೇಲೆ ರಿಪೇರಿಗೆ ರಶ್ ಜಾಸ್ತಿ, ಮೇ ತಿಂಗಳಲ್ಲೇ ಹೋಗಿ.