ಜಿಡಿಎಎಲ್‌ನ ಪ್ಯಾನ್‌ಶಾರ್ಪನ್: ನೋಟಕ್ಕುಂಟು, ಲೆಕ್ಕಕ್ಕಿಲ್ಲ

ಉಪಗ್ರಹ ಚಿತ್ರ, ನಕ್ಷೆಗಳ ಕಡತ ನಿಭಾಯಿಸುವ ತಂತ್ರಾಂಶ ಜಿಡಿಎಎಲ್; ಪ್ಯಾನ್‌ಶಾರ್ಪನ್ ಅದರದೊಂದು ಸಲಕರಣೆ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಹಾಕಿಕೊಂಡವರ ಕಂಪ್ಯೂಟರಿನಲ್ಲಿ ಇದು ಸಾಮಾನ್ಯವಾಗಿ ಆಗಲೇ ಬಂದು ಕೂತಿರುತ್ತದೆ, ದುಡ್ಡು ಕೊಡಬೇಕಿಲ್ಲ. ಕೆಲಸ ಇಷ್ಟು: ಲ್ಯಾಂಡ್‌ಸ್ಯಾಟ್ 8 ಉಪಗ್ರಹದ, ಪಿಕ್ಸೆಲಿಗೆ 30 ಮೀಟರಿನ ಬಣ್ಣದ ಬ್ಯಾಂಡುಗಳಿಗೆ (ಒಂದೊಂದು ಬಣ್ಣದ ಬೆಳಕಿಗೆ ಒಂದೊಂದು ಚಿತ್ರ) 15 ಮೀಟರಿನ ಕಪ್ಪುಬಿಳುಪು ಪ್ಯಾನ್ ಬ್ಯಾಂಡಿನ ಹರಿತ ತುಂಬುವುದು. ಒಳಗಿರುವುದು ತೂಕದ ಬ್ರೋವಿ ವಿಧಾನ. ಒಂದೊಂದು ಬಣ್ಣದ ಬ್ಯಾಂಡಿಗೂ ಒಂದು ಪಾಲು, ಅಂದರೆ ತೂಕ, ಕೊಟ್ಟು ಕೂಡಿಸಿ ಒಂದು ಹುಸಿ ಪ್ಯಾನ್ ಕಟ್ಟಿ, ನಿಜವಾದ ಪ್ಯಾನನ್ನು ಅದರಿಂದ ಭಾಗಿಸಿ, ಬಂದ ಅನುಪಾತದಿಂದ ಪ್ರತಿ ಬ್ಯಾಂಡನ್ನೂ ಗುಣಿಸುತ್ತದೆ.

ತೂಕ ಹೇಳದಿದ್ದರೆ ಕೆಂಪು, ಹಸಿರು, ನೀಲಿ ಮೂರಕ್ಕೂ ಸಮಪಾಲು. ಎಡವಟ್ಟು ಶುರುವಾಗುವುದು ಇಲ್ಲೇ. ಪ್ಯಾನ್ ನೋಡುವುದು 0.50ರಿಂದ 0.68 ಮೈಕ್ರಾನ್ ತರಂಗಾಂತರದ ಬೆಳಕು, ನೀಲಿ ಬ್ಯಾಂಡು 0.51ಕ್ಕೇ ಮುಗಿಯುತ್ತದೆ. ಹೆಚ್ಚುಕಡಿಮೆ ಕಂಡೇ ಇಲ್ಲದ ನೀಲಿಗೆ ಮೂರನೇ ಒಂದು ಪಾಲು ಕೊಟ್ಟರೆ ಕೆಂಪು ಮಣ್ಣು ಇದ್ದದ್ದಕ್ಕಿಂತ ಹೊಳೆಯುತ್ತದೆ, ಕೆರೆ ಕಪ್ಪಾಗುತ್ತದೆ. ನೀಲಿಗೆ 0.1, ಹಸಿರು–ಕೆಂಪಿಗೆ ತಲಾ 0.45 ಇಟ್ಟು ನೋಡಿ.

ಇನ್ನೊಂದು ಎಡವಟ್ಟು ಕಡತದಲ್ಲೇ ಇದೆ. ಲ್ಯಾಂಡ್‌ಸ್ಯಾಟ್ ಚಿತ್ರಗಳ ‘ಕಲೆಕ್ಷನ್ 2, ಲೆವೆಲ್-1’ ಆವೃತ್ತಿಯಲ್ಲಿ ಪಿಕ್ಸೆಲಿನ ಅಂಕೆಯನ್ನು 0.00002ರಿಂದ ಗುಣಿಸಿ 0.1 ಕಳೆದರೆ ಪ್ರತಿಫಲನ, ಅಂದರೆ ಬಿದ್ದ ಬೆಳಕಿನಲ್ಲಿ ಮರಳಿದ ಪಾಲು. ಅಂದರೆ ಸೊನ್ನೆ ಪ್ರತಿಫಲನ ಕೂತಿರುವುದು 5000ದಲ್ಲಿ. ಅನುಪಾತಕ್ಕೆ ಸೊನ್ನೆ ಸೊನ್ನೆಯಲ್ಲೇ ಇರಬೇಕು, ಇಲ್ಲದಿದ್ದರೆ ಬಣ್ಣಗಳ ನಡುವಿನ ಅನುಪಾತ ಕೆಡುತ್ತದೆ. ನಾಲ್ಕೂ ಬ್ಯಾಂಡಿನಿಂದ 5000 ಕಳೆಯಿರಿ, ಆದರೆ ನೇರವಾಗಿ ಬೇಡ. 16 ಬಿಟ್ ಕಡತದ ಅಂಚಿನಲ್ಲಿ, ಚಿತ್ರವಿಲ್ಲದ ಕಡೆ ಇರುವ ಸೊನ್ನೆ ಋಣಕ್ಕೆ ಇಳಿಯಲಾರದೆ ಸುತ್ತುಹಾಕಿ 60536 ಆಗಿ ಬರುತ್ತದೆ. ಕಪ್ಪು ಅಂಚು ಬೆಳ್ಳಂಬೆಳ್ಳಗೆ. 5000ಕ್ಕಿಂತ ಕೆಳಗಿದ್ದದ್ದನ್ನು ಮೊದಲು 5000ಕ್ಕೆ ಏರಿಸಿ, ಆಮೇಲೆ ಕಳೆಯಿರಿ.

ಪ್ಯಾನ್ ಮತ್ತು ಬಣ್ಣದ ಕಡತಗಳ ಮೂಲೆಗಳೂ 7.5 ಮೀಟರ್ ಆಚೀಚೆ. ಕತ್ತರಿಸುವುದಿದ್ದರೆ ಪಿಕ್ಸೆಲ್ ಎಣಿಸಬೇಡಿ, ನಿರ್ದೇಶಾಂಕ ಕೊಡಿ.

ಮೆಚ್ಚಲೇಬೇಕಾದದ್ದು ವಿಆರ್‌ಟಿ ಔಟ್‌ಪುಟ್, ಅಂದರೆ ಚಿತ್ರದ ಬದಲು ಅದನ್ನು ಕಟ್ಟುವ ಸೂಚನೆಯನ್ನಷ್ಟೇ ಬರೆದಿಡುವ ಕಡತ. ಒಂದು ಪೂರ್ತಿ ದೃಶ್ಯದ ಮೂರು ಬ್ಯಾಂಡು ಟಿಫ್ ಚಿತ್ರ ಕಡತವಾಗಿ ಬರೆದರೆ ಸುಮಾರು 1.4 ಜಿಬಿ, ವಿಆರ್‌ಟಿ ಬರೀ ಪಾಕವಿಧಾನ, ಕೆಲವೇ ಕೆಬಿ. ತೂಕ ಬದಲಿಸಿ ಹತ್ತು ಸಲ ನೋಡಿ, ಒಪ್ಪಿದ ಮೇಲೆ ಟಿಫ್ ಬರೆಯಿರಿ.

ಆದರೆ ಇದರಿಂದ ಎನ್‌ಡಿವಿಐ, ಅಂದರೆ ಕೆಂಪು ಮತ್ತು ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬ್ಯಾಂಡುಗಳಿಂದ ಲೆಕ್ಕಹಾಕುವ ಸಸ್ಯ ಸೂಚ್ಯಂಕ, ತೆಗೆಯಲೇಬೇಡಿ. ಕೆಂಪಿಗೂ ಅವಗೆಂಪಿಗೂ ಒಂದೇ ಅನುಪಾತ ಗುಣಿಸಿರುವುದರಿಂದ ಭಾಗಾಕಾರದಲ್ಲಿ ಅದು ಹೊಡೆದುಹೋಗುತ್ತದೆ. 15 ಮೀಟರ್ ಪಿಕ್ಸೆಲಿನಲ್ಲಿ ಸಿಗುವುದು ಹಿಗ್ಗಿಸಿದ ಹಳೇ 30 ಮೀಟರಿನದೇ. ಅವಗೆಂಪನ್ನು ಕೆಂಪಾಗಿ ತೋರಿಸುವ ಫಾಲ್ಸ್ ಕಲರ್‌ ಚಿತ್ರದಲ್ಲೂ ಅದೇ ಗೋಳು. ಈ ಪ್ಯಾನ್ ಅವಗೆಂಪನ್ನು ನೋಡುವುದೇ ಇಲ್ಲ. ಬೆಂಗಳೂರಿನ ದೃಶ್ಯ (ಲ್ಯಾಂಡ್‌ಸ್ಯಾಟಿನ ಸ್ಥಳಸಂಖ್ಯೆಯಲ್ಲಿ ಪಾತ್ 144, ರೋ 51) ತೆರೆದರೆ ರನ್‌ವೇ, ರಸ್ತೆ, ದೊಡ್ಡ ಚಾವಣಿಗಳು ಗೆರೆ ಎಳೆದಂತೆ ನಿಲ್ಲುತ್ತವೆ. ಬೆಳ್ಳಂದೂರು ಕೆರೆಯಲ್ಲಿ ಅಂತರಗಂಗೆ ಹಬ್ಬಿದ್ದ ದಿನಗಳ ಚಿತ್ರವಾದರೆ, ನೀರು ಎಲ್ಲಿ ಮುಗಿದು ಕಳೆ ಎಲ್ಲಿ ಶುರುವಾಯಿತೆಂದು ಅವಗೆಂಪಿನಲ್ಲಿ ಕಾಣುವ ಅಂಚು ಮಸುಕಾಗಿಯೇ ಉಳಿಯುತ್ತದೆ.