ಹಳೆಯ ಪೋಕೆಮಾನ್‌ನಲ್ಲಿ ಮುಂದೆ ಯಾರನ್ನು ನಿಲ್ಲಿಸಬೇಕು: ಐದು ಲೀಡ್‌ಗಳ ಹೋಲಿಕೆ

ರೆಡ್, ಬ್ಲೂ, ಯೆಲ್ಲೋ ಆಟಗಳಲ್ಲಿ ಟೀಮ್ ಪ್ರಿವ್ಯೂ ಇಲ್ಲ. ಎದುರಾಳಿಯ ಬಳಿ ಯಾವ ಆರು ಪೋಕೆಮಾನ್ ಇವೆ ಎಂದು ತಿಳಿಯುವ ಮೊದಲೇ ನಿಮ್ಮ ಮೊದಲನೆಯದು ಅಂಗಳಕ್ಕೆ ಇಳಿದಾಗಿರುತ್ತದೆ. ಆರು ಸ್ಥಾನಗಳಲ್ಲಿ ಮೂರನ್ನು ಟೌರಸ್, ಚಾನ್ಸಿ, ಸ್ನಾರ್ಲ್ಯಾಕ್ಸ್ ಹೆಚ್ಚೂಕಡಿಮೆ ಕಾಯಂ ಆಗಿ ಹಿಡಿದುಕೊಂಡಿವೆ. ನಾಲ್ಕನೆಯದು ಬಹಳ ಸಲ ಎಕ್ಸೆಗ್ಯುಟರ್. ಹೀಗಾಗಿ ಟೀಮ್ ಕಟ್ಟುವವರಿಗೆ ನಿಜವಾದ ಆಯ್ಕೆ ಉಳಿಯುವುದು ಲೀಡ್‌ನಲ್ಲಿ, ಅಂದರೆ ಮೊದಲು ಯಾರನ್ನು ಕಳಿಸುವುದು ಎಂಬಲ್ಲಿ. ಜಿಂಕ್ಸ್, ಗೆಂಗಾರ್, ಎಕ್ಸೆಗ್ಯುಟರ್, ಅಲಕಜಾಮ್, ಸ್ಟಾರ್ಮಿ ಈ ಐದನ್ನೂ ಒಂದೇ ಟೀಮಿನ ಮುಂದೆ ಬದಲಿಸಿ ಬದಲಿಸಿ ಆಡಿಸಿದರೆ ವ್ಯತ್ಯಾಸ ಬೇಗ ಕಾಣುತ್ತದೆ.

ಇಲ್ಲಿನ ಲೆಕ್ಕಗಳೆಲ್ಲ 100ನೇ ಲೆವೆಲ್, ಎಲ್ಲ ಡಿವಿ (ಹುಟ್ಟುಗುಣದ ಅಂಕಿ) ಗರಿಷ್ಠವಾದ 15, ಸ್ಟ್ಯಾಟ್ ಎಕ್ಸ್‌ಪೀರಿಯನ್ಸ್ (ಹೋರಾಡಿ ಗಳಿಸುವ ಬಲ) ಪೂರ್ತಿ ತುಂಬಿದ ಪೋಕೆಮಾನ್‌ಗಳದ್ದು. ಸ್ಲೀಪ್ ಕ್ಲಾಸ್ ಜಾರಿಯಲ್ಲಿದೆ: ಎದುರಾಳಿಯ ಒಂದು ಪೋಕೆಮಾನನ್ನು ಮಲಗಿಸಿದ್ದರೆ, ಅದು ಏಳುವ ತನಕ ಇನ್ನೊಂದನ್ನು ಮಲಗಿಸುವಂತಿಲ್ಲ. ಪ್ಯಾರಲೈಸ್ ಆದ ಪೋಕೆಮಾನ್‌ನ ಸ್ಪೀಡ್ ಕಾಲು ಭಾಗಕ್ಕೆ ಇಳಿಯುತ್ತದೆ, ನಾಲ್ಕರಲ್ಲಿ ಒಂದು ಟರ್ನ್ ಅದು ಏನೂ ಮಾಡಲಾರದು.

| ಪೋಕೆಮಾನ್ | ಸ್ಪೀಡ್ | ಪ್ಯಾರಲೈಸ್ ಆದ ಮೇಲೆ | ಎಚ್‌ಪಿ | ಕ್ರಿಟ್ | ನಿದ್ದೆ ತಗಲುವ ಸಾಧ್ಯತೆ |
|---|---|---|---|---|---|
| ಅಲಕಜಾಮ್ | 338 | 84 | 313 | 23.4% | ಇಲ್ಲ |
| ಸ್ಟಾರ್ಮಿ | 328 | 82 | 323 | 22.3% | ಇಲ್ಲ |
| ಗೆಂಗಾರ್ | 318 | 79 | 323 | 21.5% | 59.8% |
| ಜಿಂಕ್ಸ್ | 288 | 72 | 333 | 18.4% | 74.6% |
| ಎಕ್ಸೆಗ್ಯುಟರ್ | 208 | 52 | 393 | 10.5% | 74.6% |

ಕ್ರಿಟ್, ಅಂದರೆ ಹೆಚ್ಚೂಕಡಿಮೆ ಎರಡು ಪಟ್ಟು ಬಲದ ಏಟಿನ ಸಾಧ್ಯತೆ ಒಂದೊಂದಕ್ಕೆ ಒಂದೊಂದು ಥರ ಇರುವುದಕ್ಕೆ ಕಾರಣ ಈ ಆಟದ ಹಳೆಯ ನಿಯಮ. ಪೋಕೆಮಾನ್‌ನ ಮೂಲ ಸ್ಪೀಡಿನ ಅರ್ಧವನ್ನು 256ರಿಂದ ಭಾಗಿಸಿದರೆ ಬರುವುದೇ ಕ್ರಿಟ್ ಸಾಧ್ಯತೆ. ಪ್ಯಾರಲೈಸ್ ಆದರೂ ಅದು ಕುಗ್ಗುವುದಿಲ್ಲ, ಏಕೆಂದರೆ ಲೆಕ್ಕಕ್ಕೆ ಬರುವುದು ಮೂಲ ಸ್ಪೀಡ್, ಆ ಹೊತ್ತಿನ ಸ್ಪೀಡ್ ಅಲ್ಲ. ನಿದ್ದೆಯ ಅಂಕಿಗಳು 60, 75 ಎಂದು ದುಂಡಗಿರದೆ ಇರುವುದೂ ಇಂಥದ್ದೇ ಕಾರಣಕ್ಕೆ: ಆಟ ಒಳಗೊಳಗೆ ಎಲ್ಲವನ್ನೂ 256ರಲ್ಲಿ ಎಣಿಸುತ್ತದೆ. ನೂರಕ್ಕೆ ನೂರು ಎಂದು ಬರೆದಿರುವ ಮೂವ್ ಕೂಡ 256ಕ್ಕೆ ಒಂದು ಸಲ ತಪ್ಪುತ್ತದೆ.

ಹೊಸಬರು ಲೀಡ್‌ಗಳನ್ನು ತೂಗುವಾಗ ಕೇಳುವ ಪ್ರಶ್ನೆ ಒಂದೇ: ಯಾವುದು ಮೊದಲು ಮಲಗಿಸುತ್ತದೆ? ಆದರೆ ಮೊದಲ ಎರಡು ಟರ್ನ್ ಕಳೆಯುವಷ್ಟರಲ್ಲಿ ನಿಮ್ಮ ಲೀಡ್ ಪ್ಯಾರಲೈಸ್ ಆಗಿರುವ ಸಾಧ್ಯತೆ ತುಂಬ ದೊಡ್ಡದು. ಆಮೇಲೂ ಆಟ ಮೂವತ್ತು, ನಲವತ್ತು ಟರ್ನ್ ನಡೆಯುತ್ತದೆ. ಆದ್ದರಿಂದ ಮೊದಲು ಕೇಳಬೇಕಾದದ್ದು, ಪ್ಯಾರಲೈಸ್ ಆದ ಮೇಲೆ ಇದರಿಂದ ಏನು ಕೆಲಸ ಆಗುತ್ತದೆ ಎಂದು. ಐದನ್ನೂ ಈ ಅಳತೆಗೆ ಹಿಡಿದು ನೋಡುವುದೇ ಸರಿಯಾದ ದಾರಿ.

ಜಿಂಕ್ಸ್

ಇದರ ನಾಲ್ಕು ಮೂವ್: ಮಲಗಿಸುವ ಲವ್ಲಿ ಕಿಸ್, ಬ್ಲಿಜರ್ಡ್, ಸೈಕಿಕ್, ರೆಸ್ಟ್. ಮಲಗಿಸುವುದರಲ್ಲಿ ಇದರಷ್ಟು ನಂಬಬಹುದಾದ ವೇಗದ ಪೋಕೆಮಾನ್ ಇನ್ನೊಂದಿಲ್ಲ. ಎರಡು ಸಲ ಪ್ರಯತ್ನಿಸಲು ಬಿಟ್ಟರೆ ಒಂದಾದರೂ ತಗಲುವ ಸಾಧ್ಯತೆ 93.6%. ಗೆಂಗಾರ್‌ನ ಹಿಪ್ನಾಸಿಸ್‌ಗೆ ಅದೇ ಲೆಕ್ಕ 83.8%.

ಈ ಆಟದಲ್ಲಿ ನಿದ್ದೆ ಎಷ್ಟು ಭೀಕರ ಎಂಬುದು ಇಲ್ಲಿ ತಿಳಿಯಬೇಕು. ನಿದ್ದೆ 1ರಿಂದ 7 ಟರ್ನ್ ಇರುತ್ತದೆ, ಮತ್ತು ಎಚ್ಚರವಾದ ಟರ್ನ್‌ನಲ್ಲಿ ಮೂವ್ ಮಾಡಲು ಆಗುವುದಿಲ್ಲ. ನಿಮ್ಮ ಪೋಕೆಮಾನ್ ವೇಗವಾದದ್ದಾಗಿದ್ದರೆ, ಎದುರಿನದು ಎದ್ದ ಮರು ಟರ್ನ್‌ನಲ್ಲಿ ಅದು ಏನಾದರೂ ಮಾಡುವ ಮೊದಲೇ ಮತ್ತೆ ಮಲಗಿಸಬಹುದು. 288 ಸ್ಪೀಡಿನ ಜಿಂಕ್ಸ್ ಎದುರು ಸಿಕ್ಕಿಬಿದ್ದ ಚಾನ್ಸಿಗೋ ಸ್ನಾರ್ಲ್ಯಾಕ್ಸ್‌ಗೋ ಎದ್ದರೂ ಕೆಲಸ ಸಿಗದೆ ಹೋಗುವುದು ಹೀಗೆ. ಎಕ್ಸೆಗ್ಯುಟರ್ ಎದುರು ಅದೇ ಮೊದಲ ಅವಕಾಶ ಟೌರಸ್‌ಗೆ, ಸ್ಟಾರ್ಮಿಗೆ ಸಿಕ್ಕೇ ಸಿಗುತ್ತದೆ.

ಇನ್ನೊಂದು ಗುಣ ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಜಿಂಕ್ಸ್ ಐಸ್ ಟೈಪ್, ಹಾಗಾಗಿ ಐಸ್ ಮೂವ್‌ಗಳಿಂದ ಅದು ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟಿದ ಪೋಕೆಮಾನ್ ತಾನಾಗಿ ಕರಗುವ ಮಾತೇ ಇಲ್ಲದ ಆಟವಿದು. ಎದುರಾಳಿ ಬೆಂಕಿಯ ಮೂವ್ ಹೊಡೆಯಬೇಕು, ಇಲ್ಲವೇ ಇಂಥ ಸ್ಥಿತಿಯನ್ನು ಅಳಿಸುವ ಹೇಜ್ ಹಾಕಬೇಕು, ಎರಡನ್ನೂ ಯಾರೂ ಮಾಡುವುದಿಲ್ಲ. ಐಸ್ ಬೀಮ್ ಇಟ್ಟುಕೊಂಡ ಚಾನ್ಸಿ ಎದುರು ಧೈರ್ಯವಾಗಿ ನಿಲ್ಲುವ ಕೆಲವೇ ಪೋಕೆಮಾನ್‌ಗಳಲ್ಲಿ ಜಿಂಕ್ಸ್ ಒಂದು. ಹಾಗೆಂದು ಆ ಚಾನ್ಸಿಯನ್ನು ಕೆಡವಲು ಅದರಿಂದ ಆಗದು.

ಇನ್ನು ತೊಂದರೆ. ಡಿಫೆನ್ಸ್ ಬರೀ 168. ಟೌರಸ್‌ನ ಹೈಪರ್ ಬೀಮ್ ತಗಲಿದರೆ 333 ಎಚ್‌ಪಿಯಲ್ಲಿ 285ರಿಂದ 336 ಹೋಗುತ್ತದೆ. ಒಂದು ಸಣ್ಣ ಗಾಯ ಮೊದಲೇ ಆಗಿದ್ದರೆ ಅಲ್ಲಿಗೆ ಮುಗಿಯಿತು. ಪ್ಯಾರಲೈಸ್ ಆದರೆ ಸ್ಪೀಡ್ 72ಕ್ಕೆ ಇಳಿಯುತ್ತದೆ, ಟೌರಸ್ ತಾನೇ ಪ್ಯಾರಲೈಸ್ ಆಗಿದ್ದಾಗಲೂ 79. ಒಂದು ಸಲ ಮಲಗಿಸಿ, ಆಮೇಲೆ ಪ್ಯಾರಲೈಸ್ ಆಗಿ ಕೂತ ಜಿಂಕ್ಸ್‌ಗೆ ಉಳಿಯುವುದು ಬ್ಲಿಜರ್ಡ್ ಮಾತ್ರ, ಅದೂ ನಾಲ್ಕರಲ್ಲಿ ಒಂದು ಟರ್ನ್ ಕೈಕೊಡುತ್ತದೆ.

ಗೆಂಗಾರ್

ಹಿಪ್ನಾಸಿಸ್, ಥಂಡರ್‌ಬೋಲ್ಟ್, ಎಕ್ಸ್‌ಪ್ಲೋಷನ್ (ತಾನೂ ಸತ್ತು ಹೊಡೆಯುವ ಸ್ಫೋಟ), ನಾಲ್ಕನೆಯದು ನೈಟ್ ಶೇಡ್ ಅಥವಾ ಸೈಕಿಕ್. ಜಿಂಕ್ಸ್ ಎದುರು ನಿಂತರೆ ಸ್ಪೀಡಿನಲ್ಲಿ ಗೆಂಗಾರ್ ಮುಂದು. ಮೊದಲ ಟರ್ನ್‌ನಲ್ಲೇ ಮಲಗಿಸುವ ಸಾಧ್ಯತೆ 59.8%, ಹಿಪ್ನಾಸಿಸ್ ತಪ್ಪಿ ಜಿಂಕ್ಸ್‌ನ ಲವ್ಲಿ ಕಿಸ್ ತಗಲುವುದು ಸುಮಾರು 30%, ಎರಡೂ ತಪ್ಪುವುದು ಉಳಿದ 10%. ಮೂರರಲ್ಲಿ ಎರಡು ಪಂದ್ಯದಲ್ಲಿ ಗೆಂಗಾರ್ ಕಡೆಗೇ ವಾಲುತ್ತದೆ. ಕಾಗದದ ಮೇಲೆ ಕಡಿಮೆ ನಿಖರತೆಯ ಮೂವ್ ಇದ್ದರೂ ಮುಖಾಮುಖಿಯಲ್ಲಿ ಸ್ಪೀಡ್ ಅದನ್ನು ತುಂಬಿಕೊಡುತ್ತದೆ.

ಆದರೆ ಅಲಕಜಾಮ್ ಎದುರು ಗೆಂಗಾರ್ ಬಿದ್ದರೆ ಪರಿಸ್ಥಿತಿ ಬಹಳ ಕೆಟ್ಟದು. ಪಾಯ್ಸನ್ ಟೈಪ್ ಆದ್ದರಿಂದ ಸೈಕಿಕ್ ಎರಡು ಪಟ್ಟು: 323ರಲ್ಲಿ 204ರಿಂದ 240 ಹೋಗುತ್ತದೆ. ಕ್ರಿಟ್ ಆದರೆ ಒಂದೇ ಏಟಿಗೆ ಸತ್ತಂತೆ, ಅದು ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು ಸಲ. ಅಲ್ಲಿ ಗೆಂಗಾರನ್ನು ನಿಲ್ಲಿಸಿಕೊಂಡು ಹಿಪ್ನಾಸಿಸ್‌ಗೆ ಕಾಯುವುದು ತಪ್ಪು. ಚಾನ್ಸಿಗೆ ಬದಲಿಸಿ, ಪ್ಯಾರಲೈಸ್ ಮಾಡುವ ಥಂಡರ್ ವೇವ್ ಬಂದರೆ ಅವಳಿಗೇ ಬರಲಿ. ಪ್ಯಾರಲೈಸ್ ಆದ ಚಾನ್ಸಿಯನ್ನು ಮಲಗಿಸಲೂ ಆಗದು, ಹೆಪ್ಪುಗಟ್ಟಿಸಲೂ ಆಗದು. ನಿಧಾನವಾಗಿಯೇ ಆಡುವ ಅವಳಿಗೆ ಅದರಿಂದ ಅಂಥ ನಷ್ಟವೂ ಇಲ್ಲ.

ನಾರ್ಮಲ್ ಟೈಪಿನ ಬಾಡಿ ಸ್ಲ್ಯಾಮ್, ಹೈಪರ್ ಬೀಮ್, ಎಕ್ಸ್‌ಪ್ಲೋಷನ್ ಯಾವುದೂ ಗೆಂಗಾರ್‌ಗೆ ತಾಗುವುದಿಲ್ಲ. ಎಲ್ಲ ಟೀಮುಗಳೂ ಈ ಮೂರರ ಮೇಲೆಯೇ ನಿಂತಿರುವಾಗ ಇದೇನು ಸಣ್ಣ ವಿಷಯವಲ್ಲ. ಇಲ್ಲಿ ಹೊಸ ಆವೃತ್ತಿಗಳಿಂದ ಬಂದವರು ಮಾಡುವ ಒಂದು ತಪ್ಪಿದೆ: ಸೀಸ್ಮಿಕ್ ಟಾಸ್ ಕೂಡ ತಾಗುವುದಿಲ್ಲ ಎಂದುಕೊಳ್ಳುತ್ತಾರೆ. ಮೊದಲ ತಲೆಮಾರಿನಲ್ಲಿ ಸೀಸ್ಮಿಕ್ ಟಾಸ್, ನೈಟ್ ಶೇಡ್ ಎರಡೂ ಟೈಪ್ ನೋಡುವುದಿಲ್ಲ. ಚಾನ್ಸಿ ಗೆಂಗಾರ್‌ಗೆ ಪೂರ್ತಿ 100 ಹೊಡೆಯುತ್ತಾಳೆ, ಗೆಂಗಾರ್‌ನ ನೈಟ್ ಶೇಡ್ ಚಾನ್ಸಿಗೂ 100 ಹೊಡೆಯುತ್ತದೆ.

ಪ್ಯಾರಲೈಸ್ ಆದ ಗೆಂಗಾರ್‌ಗೂ ಬೆಲೆ ಇದೆ. ನಾರ್ಮಲ್ ಮೂವ್ ಬರುತ್ತದೆ ಎಂದು ಊಹಿಸಿ ಒಳಗೆ ತಂದು, ಎದುರಿನದು ಬದಲಾಗುವಷ್ಟರಲ್ಲಿ ಎಕ್ಸ್‌ಪ್ಲೋಷನ್ ಮಾಡಿಸಬಹುದು. ಆದರೆ ಅದರ ಬಲವನ್ನು ಹೆಚ್ಚು ಅಂದಾಜು ಮಾಡಬೇಡಿ. 703 ಎಚ್‌ಪಿ ತುಂಬಿರುವ ಚಾನ್ಸಿಗೆ ಗೆಂಗಾರ್ ಸ್ಫೋಟ 513ರಿಂದ 604 ಮಾತ್ರ. ಅವಳು ಉಳಿಯುತ್ತಾಳೆ, ಮುಂದಿನ ಟರ್ನ್‌ನಲ್ಲಿ ಎಚ್‌ಪಿ ತುಂಬುವ ಸಾಫ್ಟ್‌ಬಾಯ್ಲ್ಡ್ ಹಾಕಿಕೊಳ್ಳುತ್ತಾಳೆ, ನಿಮ್ಮ ಒಂದು ಪೋಕೆಮಾನ್ ಸುಮ್ಮನೆ ಹೋಗಿರುತ್ತದೆ. ಮೊದಲು ಎರಡು ನೈಟ್ ಶೇಡ್ ಇಳಿಸಿ ಆಮೇಲೆ ಸಿಡಿಸಿ.

ಎಕ್ಸೆಗ್ಯುಟರ್

ಸ್ಲೀಪ್ ಪೌಡರ್, ಸ್ಟನ್ ಸ್ಪೋರ್, ಸೈಕಿಕ್, ಎಕ್ಸ್‌ಪ್ಲೋಷನ್. ಇಲ್ಲಿ ಹೋಲಿಸುತ್ತಿರುವ ಐದರಲ್ಲಿ ನಿಧಾನವಾದದ್ದು ಇದೇ, ಆದ್ದರಿಂದ ಲೀಡ್ ಆಗಿ ನಿಂತರೆ ಪ್ರತಿ ಸಲವೂ ಒಂದು ಏಟು ತಿಂದೇ ಶುರು ಮಾಡಬೇಕು. ಥಂಡರ್ ವೇವ್ ತಿಂದ ಮೇಲೂ ಅದೇ ಟರ್ನ್‌ನಲ್ಲಿ ಮಲಗಿಸುವ ಸಾಧ್ಯತೆ 56% ಉಳಿಯುತ್ತದೆ, ಅಂದರೆ 74.6%ರಲ್ಲಿ ಮುಕ್ಕಾಲು. ಜಿಂಕ್ಸ್‌ಗೂ ಇಷ್ಟೇ. ಗೆಂಗಾರ್‌ಗೆ 45% ಮಾತ್ರ.

ಆದರೆ ಜಿಂಕ್ಸ್ ಎದುರು ಎಕ್ಸೆಗ್ಯುಟರ್ ನಿಲ್ಲಲಾರದು. ಮೊದಲು ಮಲಗುವುದು ಇದೇ, ಮಲಗಿದ ಮೇಲೆ ಬ್ಲಿಜರ್ಡ್ 393ರಲ್ಲಿ 216ರಿಂದ 254 ತೆಗೆಯುತ್ತದೆ, ಕ್ರಿಟ್ ಆದರೆ ಒಂದೇ ಏಟು.

ಇದರ ಸ್ಫೋಟ ಮಾತ್ರ ನಿಜವಾದ ಸ್ಫೋಟ. ತುಂಬಿದ ಚಾನ್ಸಿಗೆ 673ರಿಂದ 792. ನಾಲ್ಕರಲ್ಲಿ ಮೂರು ಸಲ ಅವಳು ಅಲ್ಲೇ ಮುಗಿಯುತ್ತಾಳೆ. ಗೆಂಗಾರ್‌ಗೂ ಇದಕ್ಕೂ ಅಟ್ಯಾಕ್‌ನಲ್ಲಿ 228, 288 ಎಂಬಷ್ಟೇ ಅಂತರ ಇರುವಾಗ ಡ್ಯಾಮೇಜ್‌ನಲ್ಲಿ ಇಷ್ಟೊಂದು ವ್ಯತ್ಯಾಸ ಹೇಗೆ? ಎರಡರಲ್ಲಿ ಒಂದು ಸ್ಟ್ಯಾಟ್ 255 ದಾಟಿದ ಕೂಡಲೇ ಆಟ ಅಟ್ಯಾಕ್, ಡಿಫೆನ್ಸ್ ಎರಡನ್ನೂ ನಾಲ್ಕರಿಂದ ಭಾಗಿಸಿ ಶೇಷ ಬಿಟ್ಟುಬಿಡುತ್ತದೆ. ಚಾನ್ಸಿಯ 108 ಡಿಫೆನ್ಸ್ 27 ಆಗಿ, ಎಕ್ಸ್‌ಪ್ಲೋಷನ್ ಅದನ್ನು ಅರ್ಧ ಮಾಡಿದಾಗ ಹದಿಮೂರೂವರೆಯ ಬದಲು 13 ಆಗುತ್ತದೆ. ಆ ಅರ್ಧ ಅಂಕಿಯೂ ಚಾನ್ಸಿಗೆ ಮುಳುವಾಗುತ್ತದೆ.

ಹೀಗಿದ್ದರೂ ಎಕ್ಸೆಗ್ಯುಟರನ್ನು ಮುಂದೆ ನಿಲ್ಲಿಸದೆ ಹಿಂದೆ ಇಟ್ಟುಕೊಳ್ಳುವುದೇ ಮೇಲು. ರೈಡಾನ್ ಎಂಬ ಪೋಕೆಮಾನ್‌ನ ಅರ್ತ್‌ಕ್ವೇಕ್ ಮೂವ್‌ಗೆ ಎದೆಕೊಡುವುದು ಅದೇ. ಹೈಪರ್ ಬೀಮ್ ಹೊಡೆದು ರೀಚಾರ್ಜ್‌ನಲ್ಲಿ (ಆಮೇಲಿನ ಟರ್ನ್ ಸುಮ್ಮನಿರಬೇಕಾದ ಸ್ಥಿತಿಯಲ್ಲಿ) ನಿಂತ ಟೌರಸ್‌ಗೆ ಸ್ಲೀಪ್ ಪೌಡರ್ ಹಾಕಿದರೆ ನಿಖರತೆಯ ಪರೀಕ್ಷೆಯೇ ನಡೆಯುವುದಿಲ್ಲ, ಮೊದಲೇ ಪ್ಯಾರಲೈಸ್ ಆಗಿದ್ದರೂ ಅದನ್ನು ಅಳಿಸಿ ನಿದ್ದೆ ಬರಿಸುತ್ತದೆ. ಆಟದ ಈ ದೋಷವನ್ನು ಬಳಸಿಕೊಳ್ಳಲು ಎಕ್ಸೆಗ್ಯುಟರ್ ಕೊನೆಯವರೆಗೆ ಬದುಕಿರಬೇಕು, ಮತ್ತು ಆ ಹೊತ್ತಿಗೆ ಎದುರಾಳಿಯ ಕಡೆ ಬೇರೆ ಯಾವುದೂ ನಿಮ್ಮಿಂದ ಮಲಗಿರಬಾರದು.

ಅಲಕಜಾಮ್

ಸೈಕಿಕ್, ಥಂಡರ್ ವೇವ್, ರಿಕವರ್, ಜೊತೆಗೆ ಸೀಸ್ಮಿಕ್ ಟಾಸ್ ಅಥವಾ ರಿಫ್ಲೆಕ್ಟ್. ಇದು ಮಲಗಿಸುವುದಿಲ್ಲ, ಮಲಗಿಸುವವರನ್ನು ಕುಂಟಾಗಿಸುತ್ತದೆ. ಐದರಲ್ಲಿ ಎಲ್ಲಕ್ಕಿಂತ ವೇಗ ಇದ್ದುದರಿಂದ ಜಿಂಕ್ಸ್, ಗೆಂಗಾರ್, ಸ್ಟಾರ್ಮಿ ಮೂರಕ್ಕೂ ಮೊದಲು ಏಟು ಹಾಕುತ್ತದೆ.

ಪ್ಯಾರಲೈಸ್ ಅಳತೆಯಲ್ಲಿ ನಮ್ಮ ಮೊದಲ ಸ್ಥಾನ ಇದಕ್ಕೆ. ಪ್ಯಾರಲೈಸ್ ಆದ ಅಲಕಜಾಮ್ ಸ್ಪೀಡ್ 84, ಪ್ಯಾರಲೈಸ್ ಆದ ಟೌರಸ್ 79. ಆಟ ಅರ್ಧ ಮುಗಿದು ಎಲ್ಲವೂ ಪ್ಯಾರಲೈಸ್ ಆಗಿ ನಿಂತಾಗ ಮತ್ತೆ ಎಲ್ಲರಿಗಿಂತ ಮುಂದು ಇದೇ. ಮಲಗಿಸಲಾಗದು, ಹೆಪ್ಪುಗಟ್ಟದು, ರಿಕವರ್ ಇದೆ, ಸೈಕಿಕ್ ಮೂರರಲ್ಲಿ ಒಂದು ಸಲ ಎದುರಿನ ಸ್ಪೆಷಲ್ (ಸೈಕಿಕ್, ಬ್ಲಿಜರ್ಡ್ ಥರದ ಮೂವ್ ಹೊಡೆಯುವ, ತಡೆಯುವ ಬಲ) ಇಳಿಸುತ್ತದೆ. ಚಾನ್ಸಿಗೆ ಒಂದು ಸೈಕಿಕ್ 117ರಿಂದ 138 ಅಷ್ಟೇ, ಆದರೆ ಎರಡು ಸಲ ಸ್ಪೆಷಲ್ ಇಳಿದರೆ ಅವಳು ಜಾಗ ಖಾಲಿ ಮಾಡಬೇಕಾಗುತ್ತದೆ.

ಎರಡು ಎಚ್ಚರಿಕೆ. ಕಳೆದುಕೊಂಡ ಎಚ್‌ಪಿ ನೆಟ್ಟಗೆ 255 ಅಥವಾ 511 ಆಗಿದ್ದರೆ ಎಚ್‌ಪಿ ತುಂಬುವ ರಿಕವರ್ ಕೆಲಸ ಮಾಡುವುದಿಲ್ಲ. ಅಲಕಜಾಮ್‌ಗೆ ಆ ಅಂಕಿ 58, ಸ್ಟಾರ್ಮಿಗೆ 68. ಚಾನ್ಸಿಯ ಸಾಫ್ಟ್‌ಬಾಯ್ಲ್ಡ್ 448ರಲ್ಲೂ 192ರಲ್ಲೂ ಕೈಕೊಡುತ್ತದೆ. ಎರಡನೆಯದು, ಟೌರಸ್ ಎದುರು ಇದನ್ನು ಸುಮ್ಮನೆ ಬಿಡಬೇಡಿ: ಹೈಪರ್ ಬೀಮ್ 313ರಲ್ಲಿ 255ರಿಂದ 300 ತಿನ್ನುತ್ತದೆ.

ಸ್ಟಾರ್ಮಿ

ಥಂಡರ್ ವೇವ್, ರಿಕವರ್, ಬ್ಲಿಜರ್ಡ್, ಸೈಕಿಕ್ ಅಥವಾ ಥಂಡರ್‌ಬೋಲ್ಟ್. ಅಲಕಜಾಮ್ ಮಾಡುವ ಕೆಲಸವನ್ನೇ ಇನ್ನೂ ಗಟ್ಟಿ ಮೈಯಲ್ಲಿ ಮಾಡುತ್ತದೆ. ಟೌರಸ್ ಹೈಪರ್ ಬೀಮ್ ಇದಕ್ಕೆ 179ರಿಂದ 211 ಮಾತ್ರ. ಗೆಂಗಾರ್, ಜಿಂಕ್ಸ್ ಎರಡಕ್ಕಿಂತಲೂ ವೇಗ. ಎಕ್ಸೆಗ್ಯುಟರ್ ಎದುರು ಬ್ಲಿಜರ್ಡ್ ಇದೆ.

ಆದರೂ ಲೀಡ್ ಆಗಿ ಇದನ್ನು ಕೊನೆಗೆ ಇಡಬೇಕಾಗುತ್ತದೆ. ಸ್ಟಾರ್ಮಿಯ ಬೆಲೆ ಇರುವುದು ಅದು ಆರೋಗ್ಯವಾಗಿ, ಪೂರ್ತಿ 328 ಸ್ಪೀಡಿನಲ್ಲಿ ಕೊನೆಯ ಹತ್ತು ಟರ್ನ್‌ಗೆ ಉಳಿದಾಗ. ಟೌರಸ್‌ಗಿಂತ ಮೊದಲು ಹೊಡೆಯುವ, ರೈಡಾನನ್ನು ಓಡಿಸುವ ಪೋಕೆಮಾನನ್ನು ಮೊದಲ ಟರ್ನ್‌ನಲ್ಲೇ ನಿದ್ದೆಗೋ ಪ್ಯಾರಲಿಸಿಸ್‌ಗೋ ಒಡ್ಡುವುದು ದುಬಾರಿ. ಇದರ ಸ್ಪೆಷಲ್ 298, ಅಲಕಜಾಮ್‌ನದು 368. ವೇಗ ಹೋದ ಮೇಲೆ ಆ ಕೊರತೆ ಎದ್ದು ಕಾಣುತ್ತದೆ.

ಹಾಗಾದರೆ ಯಾವುದು

ಹಿಂದೆ ಎಕ್ಸೆಗ್ಯುಟರ್ ಇದ್ದೇ ಇರುವ ಟೀಮಿಗೆ ಅಲಕಜಾಮ್ ಮುಂದೆ ನಿಲ್ಲಲಿ. ಮಲಗಿಸುವ ಕೆಲಸವನ್ನು ಆಮೇಲೆ ಎಕ್ಸೆಗ್ಯುಟರ್ ನೋಡಿಕೊಳ್ಳುತ್ತದೆ. ಎಕ್ಸೆಗ್ಯುಟರ್ ಬಿಟ್ಟು ಜಾಪ್‌ಡೋಸ್, ರೈಡಾನ್ ಥರದ್ದನ್ನು ಸೇರಿಸಿದ ಟೀಮಿಗೆ ಜಿಂಕ್ಸ್ ಸರಿ, ಏಕೆಂದರೆ ಮೊದಲ ನಿದ್ದೆ ತಪ್ಪಿದರೆ ಎರಡನೆಯ ದಾರಿ ಇರುವುದಿಲ್ಲ. ಗೆಂಗಾರ್ ಇವೆರಡರ ಮಧ್ಯೆ. ಅಲಕಜಾಮ್, ಸ್ಟಾರ್ಮಿ ಹೆಚ್ಚಾಗಿ ಎದುರಾಗುವ ಕಡೆ ಬೇಡ, ಜಿಂಕ್ಸ್ ಹೆಚ್ಚಿರುವ ಕಡೆ ಗೆಂಗಾರ್‌ನಷ್ಟು ಚೆನ್ನಾದದ್ದಿಲ್ಲ.

ಪೋಕೆಮಾನ್ ಸ್ಟೇಡಿಯಂ ಎಂಬ ಇನ್ನೊಂದು ಆಟದಲ್ಲಿ ಈ ಕ್ರಮ ಹಾಗೇ ನಿಲ್ಲುವುದಿಲ್ಲ. ಅಲ್ಲಿ ನಿದ್ದೆ 1ರಿಂದ 3 ಟರ್ನ್ ಮಾತ್ರ, ಹೈಪರ್ ಬೀಮ್ ಎದುರಿನದನ್ನು ಕೊಂದರೂ ರೀಚಾರ್ಜ್ ಮಾಡಬೇಕು. ಮಲಗಿಸುವ ಲೀಡ್‌ಗಳ ಬೆಲೆ ಇಳಿಯುತ್ತದೆ, ಅಲಕಜಾಮ್ ಇನ್ನೂ ಮೇಲೇರುತ್ತದೆ.

ಸಿಮ್ಯುಲೇಟರ್ ಬಿಟ್ಟು ನಿಜವಾದ ಕಾರ್ಟ್ರಿಜ್‌ನಲ್ಲಿ ತಯಾರು ಮಾಡುವವರಿಗೆ ಕೆಲವು ವಿಷಯ. ಅಲಕಜಾಮ್, ಗೆಂಗಾರ್ ಎರಡಕ್ಕೂ ಕೇಬಲ್ ಹಾಕಿ ಟ್ರೇಡ್ ಮಾಡಲೇಬೇಕು. ರೆಡ್, ಬ್ಲೂನಲ್ಲಿ ಜಿಂಕ್ಸ್ ಸಿಗುವುದು ಸೆರುಲಿಯನ್ ಊರಿನಲ್ಲಿ ಪಾಲಿವರ್ಲ್ ಕೊಟ್ಟು. ಸ್ಟಾರ್ಮಿಯಾಗಿ ಬೆಳೆಯುವ ಸ್ಟಾರ್ಯು 27ನೇ ಲೆವೆಲ್‌ನಲ್ಲಿ ರಿಕವರ್ ಕಲಿತ ಮೇಲೆಯೇ ವಾಟರ್ ಸ್ಟೋನ್ ಕೊಡಿ. ಎಕ್ಸೆಗ್ಯುಟರ್ ಆಗುವ ಎಕ್ಸೆಗ್‌ಕ್ಯೂಟ್‌ಗೆ ಲೀಫ್ ಸ್ಟೋನ್ ಕೊಡಲು 48ನೇ ಲೆವೆಲ್ ತನಕ ಕಾಯಬೇಕು, ಸ್ಲೀಪ್ ಪೌಡರ್ ಬರುವುದೇ ಆಗ. ವಿಕಾಸವಾದ ಮೇಲೆ ಅದನ್ನು ಕಲಿಯುವುದಿಲ್ಲ. ಎಕ್ಸ್‌ಪ್ಲೋಷನ್ ಕಲಿಸುವ ಟಿಎಂ 47 ವಿಕ್ಟರಿ ರೋಡ್‌ನಲ್ಲಿ ಒಂದೇ ಒಂದು ಸಿಗುತ್ತದೆ, ಒಂದು ಸಲ ಬಳಸಿದರೆ ಮುಗಿಯಿತು. ಗೆಂಗಾರ್‌ಗೂ ಎಕ್ಸೆಗ್ಯುಟರ್‌ಗೂ ಎರಡಕ್ಕೂ ಬೇಕೆಂದರೆ ಎರಡನೆಯ ಕಾರ್ಟ್ರಿಜ್ ಬೇಕು. ಒಂದೇ ಇದ್ದರೆ ಎಕ್ಸೆಗ್ಯುಟರ್‌ಗೆ ಕೊಡಿ.