ಅದಿರು ಅಗೆತ, ನಿಧಿ ಬೇಟೆ: ಯಾವ ಆಟದಲ್ಲಿ ಬೇಸರ ಕಡಿಮೆ?

ದಿನವಿಡೀ ದುಡಿದು ಉಡುಪಿಯ ಮನೆಗೆ ಬಂದ ಮೇಲೆ ಆಟದಲ್ಲೂ ಅದಿರು ಅಗೆಯಬೇಕೇ ಎಂದು ಗೆಳೆಯರೊಬ್ಬರು ಕೇಳಿದ್ದಾರೆ. ಹಲವರು ಒಟ್ಟಿಗೆ ಆಡುವ ಮೂರು ಆನ್‌ಲೈನ್ ಆಟಗಳು ಅವರ ಮನಸ್ಸಿನಲ್ಲಿವೆ: ಓಲ್ಡ್ ಸ್ಕೂಲ್ ರೂನ್‌ಸ್ಕೇಪ್, ಗಿಲ್ಡ್ ವಾರ್ಸ್ 2, ಫೈನಲ್ ಫ್ಯಾಂಟಸಿ 14.

ನನಗೆ ಬೇಸರ ತರಿಸುವುದು ಅಗೆತವಲ್ಲ, ಪೈಪೋಟಿ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಕಬ್ಬಿಣದ ಬಂಡೆಗೆ ಪಿಕಾಸಿ ಎತ್ತುವಷ್ಟರಲ್ಲಿ ಪಕ್ಕದವರು ಅದಿರು ತೆಗೆದಿರುತ್ತಾರೆ. ಬಂಡೆ ಬೂದುಬಣ್ಣಕ್ಕೆ ತಿರುಗುತ್ತದೆ, ಮತ್ತೆ ತುಂಬುವವರೆಗೆ ಸುಮ್ಮನೆ ನಿಲ್ಲಬೇಕು. ಗಿಲ್ಡ್ ವಾರ್ಸ್ 2ರಲ್ಲಿ ಆ ತಕರಾರೇ ಇಲ್ಲ. ಹತ್ತು ಮಂದಿ ಅಗೆದ ಜಾಗದಲ್ಲೇ ಹನ್ನೊಂದನೆಯವರಿಗೂ ಅವರ ಪಾಲು ಕಾದಿರುತ್ತದೆ. ಎಷ್ಟು ನೆಮ್ಮದಿ!

ನಿಧಿಯ ರೋಮಾಂಚನ ಬೇಕೆಂದರೆ ಫೈನಲ್ ಫ್ಯಾಂಟಸಿ 14. ಅದಿರಿನಂಥ ವಸ್ತುಗಳನ್ನು ಸಂಗ್ರಹಿಸುವಾಗ 18 ಗಂಟೆಗೆ ಒಂದೇ ನಿಧಿ ನಕ್ಷೆ ಸಿಗುತ್ತದೆ. ಗುರುತಿನ ಜಾಗ ಹುಡುಕಿ, ಅಗೆದು, ಪೆಟ್ಟಿಗೆ ಕಾಯುವ ರಾಕ್ಷಸರನ್ನು ಸೋಲಿಸಬೇಕು. ಈ ಮಿತಿಯೇ ಬೇಟೆಯನ್ನು ಹಳಸದಂತೆ ಉಳಿಸಿದೆ ಎಂಬುದು ನನ್ನ ಅಭಿಪ್ರಾಯ.

ಖರ್ಚಿನಲ್ಲಿ ಫೈನಲ್ ಫ್ಯಾಂಟಸಿಯ ಪೂರ್ಣ ಆವೃತ್ತಿಗೆ ತಿಂಗಳ ಶುಲ್ಕವಿದೆ. ಉಳಿದೆರಡನ್ನು ಉಚಿತವಾಗಿ ಶುರು ಮಾಡಬಹುದು.

ಮಂಗಳೂರಿಗೆ ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಮೊಬೈಲಿನಲ್ಲೂ ನಡೆಯುವ ರೂನ್‌ಸ್ಕೇಪ್ ಒಗ್ಗುತ್ತದೆ. ರಾತ್ರಿ ಒಂದು ಗಂಟೆ ಬಿಡುವಿರುವವರು ಗಿಲ್ಡ್ ವಾರ್ಸ್ ಹಿಡಿಯಲಿ. ವಾರಾಂತ್ಯಕ್ಕೆ ಗೆಳೆಯರ ಗುಂಪು ಕೂಡುವುದಾದರೆ ನಕ್ಷೆಗಳನ್ನು ಕೂಡಿಟ್ಟು ಒಟ್ಟಿಗೆ ಹೊರಡಿ.